ಎಸ್ಪೂವಿನ ‘ಮೇಯರ್’ಗೆ ಫಿನ್ನಿಷ್‌ನಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ: ಫಿನ್ಲೆಂಡ್‌ನ ಎಸ್ಪೂ ನಗರದಲ್ಲಿ ಏಳು ವರ್ಷಗಳಿಂದ ಇದ್ದೇನೆ. ಫಿನ್ನಿಷ್ ಮಧ್ಯಮ ಹಂತದ ಪರೀಕ್ಷೆ ಪಾಸಾಗಿದೆ. ವಲಸೆ ಬಂದವರ ಇಂಟಿಗ್ರೇಶನ್ ಯೋಜನೆಯ ಬಗ್ಗೆ ನಗರಾಡಳಿತ ಸಂಘಸಂಸ್ಥೆಗಳ ಅಭಿಪ್ರಾಯ ಕೇಳಿದೆ. ನಮ್ಮ ಸಂಘದವರು ಇಂಗ್ಲಿಷಿನಲ್ಲಿ ಎರಡು ಪುಟ ಬರೆದು, ಫಿನ್ನಿಷ್‌ಗೆ ತರುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಅದರ ಮುಖ್ಯ ವಾಕ್ಯ ಹೀಗಿದೆ: “ಆಲ್ ಸ್ಟೇಕ್‌ಹೋಲ್ಡರ್ಸ್ ಆರ್ ಕಮಿಟೆಡ್ ಟು ಅಡ್ರೆಸಿಂಗ್ ದಿ ಚಾಲೆಂಜಸ್ ಆಫ್ ಇಂಟಿಗ್ರೇಶನ್ ಥ್ರೂ ಗುಡ್ ಗವರ್ನೆನ್ಸ್, ಟ್ರಾನ್ಸ್‌ಪರೆನ್ಸಿ ಅಂಡ್ ಅಕೌಂಟಬಿಲಿಟಿ, ಎ ರೋಡ್‌ಮ್ಯಾಪ್ ಶಲ್ ಬಿ ಪ್ರಿಪೇರ್ಡ್ ಬೈ ದಿ ಸಿಟಿ.” ಅಂದರೆ, ಸಂಬಂಧಪಟ್ಟವರೆಲ್ಲರೂ ಉತ್ತಮ ಆಡಳಿತ, ಪಾರದರ್ಶಕತೆ, ಉತ್ತರದಾಯಿತ್ವದ ಮೂಲಕ ವಲಸೆ ಬಂದವರು ನೆಲೆಗೊಳ್ಳುವಲ್ಲಿನ ಸವಾಲುಗಳತ್ತ ಗಮನ ಕೊಡಲು ಬದ್ಧರು, ನಗರದಿಂದ ಮುಂದಿನ ದಾರಿಯ ಯೋಜನೆ ಸಿದ್ಧವಾಗತಕ್ಕದ್ದು. ನಿಘಂಟು ನೋಡಿ ಒಂದೊಂದು ಪದಕ್ಕೂ ಫಿನ್ನಿಷ್ ಪದ ಕೂಡಿಸಿದೆ. ಫಿನ್ನಿಷ್ ಸಹೋದ್ಯೋಗಿಯೊಬ್ಬರು ಓದಿ, “ಅರ್ಥವಾಗುತ್ತದೆ, ಆದರೆ ಇದು ಫಿನ್ನಿಷ್ ಅಲ್ಲ” ಎಂದರು. ಎಲ್ಲಿ ಎಡವಿದೆ? ಪತ್ರವನ್ನು ಮೇಯರ್ ಅವರಿಗೆ ಬರೆಯುತ್ತಿದ್ದೇವೆ. ಅವರನ್ನು ‘ಪೊರ್ಮೆಸ್ತರಿ’ ಎಂದು ಕರೆದರೆ ಸರಿಯೇ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ. ಹಾಗೆಂದು ನಿರಾಶರಾಗಬೇಡಿ. ಕರಡನ್ನು ಎರಡು ಸಲ ಓದಿದೆ. ವಿಭಕ್ತಿಗಳು ಸರಿಯಾಗಿವೆ, ಕ್ರಿಯಾಪದಗಳು ಸರಿಯಾಗಿವೆ. ತೊಡಕಿರುವುದು ಮೂಲದಲ್ಲೇ. ಯಾರು, ಯಾವ ಕೆಲಸವನ್ನು, ಯಾವಾಗ ಮಾಡುತ್ತಾರೆ ಎಂಬುದು ಆ ಇಂಗ್ಲಿಷ್ ವಾಕ್ಯದಲ್ಲಿ ಎಲ್ಲೂ ಇಲ್ಲ. ಅದನ್ನು ಹೇಳದೆಯೂ ಗಂಭೀರವಾಗಿ ಕೇಳಿಸುವ ಅಭ್ಯಾಸ ಇಂಗ್ಲಿಷಿನ ಆಡಳಿತ ಭಾಷೆಗೆ ಚೆನ್ನಾಗಿ ಕೂಡಿಬಂದಿದೆ. ಫಿನ್ನಿಷ್‌ಗೆ ತರುವಾಗ ಹೆಜ್ಜೆಹೆಜ್ಜೆಗೂ ಆ ಪ್ರಶ್ನೆ ಎದುರಾಗುತ್ತದೆ, ಅನುವಾದ ಮಾಡುವವರು ಉತ್ತರ ಹೇಳಲೇಬೇಕಾಗುತ್ತದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಮೇಲೂ, ಒಂದು ಪುಟ ಅನುವಾದಿಸಲು ಕೂತಾಗ ಅರ್ಧ ಹೊತ್ತು ನಾನು ಕಳೆಯುವುದು ಆ ಉತ್ತರ ಹುಡುಕುವುದರಲ್ಲೇ.

ಮೊದಲೇ ಒಂದು ಮಾತು. ಫಿನ್ನಿಷ್‌ನ ಕೆಲವು ಸ್ವರಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. ಇಲ್ಲಿ ಬರೆದಿರುವುದು ಹತ್ತಿರದ ಉಚ್ಚಾರವಷ್ಟೇ. ಕಾಗುಣಿತ ನಿಮಗೆ ಗೊತ್ತೇ ಇದೆ.

ಮೇಯರ್ ವಿಷಯದಿಂದ ಶುರು ಮಾಡೋಣ, ಏಕೆಂದರೆ ಉಳಿದದ್ದಕ್ಕೆಲ್ಲ ಅದೇ ಕೀಲಿ. ನಿಘಂಟಿನಲ್ಲಿ ಮೇಯರ್ ಎಂದರೆ ‘ಪೊರ್ಮೆಸ್ತರಿ’. ಆದರೆ ಎಸ್ಪೂವಿನಲ್ಲಿರುವುದು ‘ಕೌಪುಂಗಿನ್‌ಯೊಹ್ತಯ’. ಮಾತಿಗೆ ಮಾತು ಇಟ್ಟರೆ ನಗರದ ನಿರ್ದೇಶಕ. ನಗರದ ಇಂಗ್ಲಿಷ್ ಪುಟಗಳಲ್ಲಿ ಆ ಹುದ್ದೆಯನ್ನು ಮೇಯರ್ ಎಂದು ಬರೆಯುವುದರಿಂದ ನಿಮ್ಮ ಸಂಘದವರು ಹಾಗೆ ಬರೆದಿದ್ದಾರೆ, ಅದರಲ್ಲಿ ತಪ್ಪಿಲ್ಲ. ಅದನ್ನು ಮತ್ತೆ ಫಿನ್ನಿಷ್‌ಗೆ ತಿರುಗಿಸುವಾಗ ಮಾತ್ರ ‘ಪೊರ್ಮೆಸ್ತರಿ’ ಎಂದು ಬರೆದರೆ ಎಸ್ಪೂವಿನಲ್ಲಿ ಇಲ್ಲದ ಹುದ್ದೆಯನ್ನು ಸೃಷ್ಟಿಸಿದಂತಾಗುತ್ತದೆ. ತಂಪೆರೆಯಲ್ಲಿ 2007ರಿಂದ, ಹೆಲ್ಸಿಂಕಿಯಲ್ಲಿ 2017ರಿಂದ ಪೊರ್ಮೆಸ್ತರಿ ಇದ್ದಾರೆ. ಅವರು ರಾಜಕೀಯ ವಿಶ್ವಾಸದ ಮೇಲೆ ಆರಿಸಿಬಂದವರು. ಕೌಪುಂಗಿನ್‌ಯೊಹ್ತಯ ಕೌನ್ಸಿಲ್ ನೇಮಿಸಿಕೊಂಡ ಅಧಿಕಾರಿ. ಬೆಂಗಳೂರಿನಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಪಾಲಿಕೆಯ ಮೇಯರ್‌ಗೂ ಆಯುಕ್ತರಿಗೂ ಇರುವ ಅಂತರ ನೆನಪಿಸಿಕೊಳ್ಳಿ. ಆಯುಕ್ತರಿಗೆ ಕೊಡಬೇಕಾದ ಅರ್ಜಿಯ ಮೇಲೆ ಮೇಯರ್ ಎಂದು ಬರೆದರೆ ಹೇಗೋ ಹಾಗೆ.

ಇಲ್ಲಿ ಪದದ ಅರ್ಥ ನೋಡಿದ್ದರೆ ದಾರಿ ತಪ್ಪುತ್ತಿತ್ತು. ಆ ಕುರ್ಚಿಯಲ್ಲಿ ಕೂತವರು ಏನು ಕೆಲಸ ಮಾಡುತ್ತಾರೆ, ಅವರನ್ನು ಯಾರು ಕೂರಿಸಿದರು ಎಂದು ನೋಡಿದ್ದರಿಂದ ಸರಿಯಾದ ಹೆಸರು ಸಿಕ್ಕಿತು. ಆಡಳಿತದ ಪದಗಳಲ್ಲಿ ಹೆಚ್ಚಿನವಕ್ಕೆ ಇದೇ ದಾರಿ. ಅಮೆರಿಕದ ಸೆಕ್ರೆಟರಿ ಆಫ್ ಸ್ಟೇಟ್ ಫಿನ್ನಿಷ್ ಪತ್ರಿಕೆಗಳಲ್ಲಿ ‘ಉಲ್ಕೊಮಿನಿಸ್ತೆರಿ’, ಅಂದರೆ ವಿದೇಶಾಂಗ ಸಚಿವ. ಪದಕ್ಕೆ ಪದ ಇಟ್ಟು ‘ವಲ್ತಿಯೊಸಿಹ್ತೇರಿ’ ಎಂದು ಬರೆದರೆ, ಫಿನ್ಲೆಂಡ್‌ನಲ್ಲಿ ಸಚಿವರ ಕೈಕೆಳಗೆ ಕೆಲಸ ಮಾಡುವ ಕಾರ್ಯದರ್ಶಿಯ ಹುದ್ದೆ ಅದು! ಬ್ರಿಟನ್ನಿನ ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್ ಇಲ್ಲಿ ಸರಳವಾಗಿ ಹಣಕಾಸು ಸಚಿವ. ಭಾರತದ ರಾಜ್ಯಗಳಿಗೆ ‘ಒಸವಲ್ತಿಯೊ’ ಎನ್ನುತ್ತಾರೆ, ಅಂದರೆ ದೇಶದ ಒಂದು ಭಾಗವಾದ ರಾಜ್ಯ. ನಿಮ್ಮ ಸಂಘದ ಪರಿಚಯದಲ್ಲಿ ಕರ್ನಾಟಕದ ಮಾತು ಬಂದರೆ ಆ ಪದ ಬಳಸಿ. ಬರೀ ‘ವಲ್ತಿಯೊ’ ಎಂದರೆ ಸ್ವತಂತ್ರ ದೇಶವಾಗುತ್ತದೆ.

ನನ್ನ ಮೊದಲ ವರ್ಷಗಳ ಒಂದು ತಪ್ಪು ಇನ್ನೂ ಚುಚ್ಚುತ್ತದೆ. ಬಜೆಟ್ ಕುರಿತ ಪುಟವೊಂದರಲ್ಲಿ ‘ಬಿಲಿಯನ್’ ಎಂದಿದ್ದ ಕಡೆಯೆಲ್ಲ ‘ಬಿಲ್ಯೋನ’ ಎಂದು ಬರೆದಿದ್ದೆ. ಬಿಲಿಯನ್ ಎಂದರೆ ನೂರು ಕೋಟಿ. ಅದಕ್ಕೆ ಫಿನ್ನಿಷ್ ಪದ ‘ಮಿಲ್ಯರ್ದಿ’. ಬಿಲ್ಯೋನ ಎಂದರೆ ಒಂದು ಲಕ್ಷ ಕೋಟಿ. ಕಿವಿಗೆ ಒಂದೇ ಥರ ಕೇಳಿಸುವ ಪದವನ್ನು ನಂಬಿ ಮೊತ್ತವನ್ನು ಸಾವಿರ ಪಟ್ಟು ಹಿಗ್ಗಿಸಿದ್ದೆ. ಅಚ್ಚಿಗೆ ಹೋಗುವ ಮುನ್ನ ಕಣ್ಣಿಗೆ ಬಿತ್ತು. ಅಂದಿನಿಂದ ಸಂಖ್ಯೆಗಳನ್ನು ಕೋಟಿಗೆ ತಿರುಗಿಸಿ ತಾಳೆ ನೋಡದೆ ಯಾವ ಕಾಗದವನ್ನೂ ಕೊಟ್ಟಿಲ್ಲ.

ಯುರೋಪಿನ ಸಂಸ್ಥೆಗಳ ಹೆಸರುಗಳಲ್ಲಂತೂ ಒಂದು ವಿಭಕ್ತಿ ಪ್ರತ್ಯಯ ಇಡೀ ಸಂಸ್ಥೆಯನ್ನೇ ಬದಲಿಸುತ್ತದೆ. ‘ಎಉರೋಪ್ಪ-ನೆಉವೊಸ್ತೊ’ ಎಂದರೆ ಯುರೋಪಿಯನ್ ಒಕ್ಕೂಟದ ದೇಶಗಳ ಮುಖ್ಯಸ್ಥರು ಸೇರುವ ಯುರೋಪಿಯನ್ ಕೌನ್ಸಿಲ್. ‘ಎಉರೋಪನ್ ನೆಉವೊಸ್ತೊ’ ಎಂದರೆ ಸ್ಟ್ರಾಸ್‌ಬರ್ಗ್‌ನಲ್ಲಿ ಕೇಂದ್ರವಿರುವ, ಒಕ್ಕೂಟಕ್ಕೆ ಸೇರದ, ಮಾನವ ಹಕ್ಕುಗಳ ವಿಷಯ ನೋಡುವ ಬೇರೆಯೇ ಸಂಸ್ಥೆ. ನಡುವೆ ಇರುವುದು ಷಷ್ಠಿಯ ಒಂದು ‘ನ್’. ಒಕ್ಕೂಟದ ಸಚಿವರು ಸೇರುವ ಕೌನ್ಸಿಲ್ ಮೂರನೆಯದು, ಅದಕ್ಕೆ ‘ಎಉರೋಪನ್ ಉನಿಯೊನಿನ್ ನೆಉವೊಸ್ತೊ’.

ಇದಕ್ಕಿಂತ ಕಷ್ಟದ್ದು ‘ಅಸೆತುಸ್’. ಫಿನ್ಲೆಂಡ್ 1995ರ ಜನವರಿ 1ರಂದು ಒಕ್ಕೂಟ ಸೇರಿದಾಗ ಅಲ್ಲಿನ ರೆಗ್ಯುಲೇಶನ್‌ಗೆ ಒಂದು ಪದ ಬೇಕಿತ್ತು. ಮನೆಯಲ್ಲೇ ಇದ್ದ ಅಸೆತುಸ್ ಅನ್ನು ಆರಿಸಿದರು. ಆದರೆ ಫಿನ್ಲೆಂಡ್‌ನ ಒಳಗೆ ಅಸೆತುಸ್ ಎಂದರೆ ಸಂಸತ್ತು ಮಾಡಿದ ಕಾನೂನಿನ ಕೆಳಗೆ ಬರುವ ಆದೇಶ, ನಮ್ಮಲ್ಲಿ ಅಧಿನಿಯಮದ ಕೆಳಗೆ ನಿಯಮಗಳು ಬರುವ ಹಾಗೆ. ಒಕ್ಕೂಟದ ಅಸೆತುಸ್ ಆದರೋ ಸದಸ್ಯ ದೇಶದ ಕಾನೂನಿಗಿಂತ ಮೇಲೆ ನಿಂತು ನೇರವಾಗಿ ಜಾರಿಯಾಗುತ್ತದೆ. ಒಂದೇ ಪದ, ಒಂದು ಕಡೆ ಕಾನೂನಿನ ಕೆಳಗೆ, ಇನ್ನೊಂದು ಕಡೆ ಕಾನೂನಿನ ಮೇಲೆ. ನೀವು ಒಕ್ಕೂಟದ ನಿಯಮವನ್ನು ಉಲ್ಲೇಖಿಸುವುದಾದರೆ ಬರೀ ಅಸೆತುಸ್ ಎನ್ನದೆ ‘ಎಉ-ಅಸೆತುಸ್’ ಎಂದು ಬರೆಯಿರಿ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. ಕ್ರಿಯಾಪದದಿಂದ ಹಿಡಿಯುತ್ತೇನೆ.

‘ಅಡ್ರೆಸಿಂಗ್ ದಿ ಚಾಲೆಂಜಸ್’ ಎಂದರೆ ಏನು ಮಾಡುತ್ತೀರಿ? ಸಮಸ್ಯೆಯ ನಡುವೆ ಕೈಹಾಕಿ ತಡೆಯುತ್ತೀರಾದರೆ ‘ಪೂತ್ತುಅ’. ಕೂತು ಚರ್ಚಿಸುತ್ತೀರಾದರೆ ‘ಕ್ಯಾಸಿತೆಲ್ಲ್ಯಾ’. ಪರಿಹರಿಸುತ್ತೀರಾದರೆ ‘ರತ್ಕಯ್ಸ್ತ’. ಮೂರನ್ನೂ ಒಟ್ಟಿಗೆ ಹೇಳಿ ಒಂದಕ್ಕೂ ಕಟ್ಟುಬೀಳದ ಪದ ಫಿನ್ನಿಷ್‌ನಲ್ಲಿಲ್ಲ, ಕನ್ನಡದಲ್ಲೂ ಇಲ್ಲ. ನೀವು ‘ಕ್ಯಾಸಿತೆಲ್ಲ್ಯಾ’ ಬಳಸಿದ್ದೀರಿ. ಹಾಗಾಗಿ ಫಿನ್ನಿಷ್ ಓದುಗರಿಗೆ ನಿಮ್ಮ ಸಂಘ ಸಮಸ್ಯೆಗಳ ಬಗ್ಗೆ ಮಾತಾಡುತ್ತದೆ ಎಂದಷ್ಟೇ ಅರ್ಥವಾಗುತ್ತದೆ. ಸಂಘದವರನ್ನು ಕೇಳಿ ನೋಡಿ, ಅವರ ಮನಸ್ಸಿನಲ್ಲಿ ಇದ್ದದ್ದು ಯಾವುದು ಎಂದು. ಚಾಲೆಂಜ್‌ಗೆ ಬಳಸಿದ ‘ಹಾಸ್ತೆ’ ಪದವನ್ನೂ ಒಮ್ಮೆ ಯೋಚಿಸಿ. ನ್ಯಾಯಾಲಯದ ಸಮನ್ಸ್‌ಗೂ ಅದೇ ಪದ. ತೊಂದರೆ ಎಂದು ನೇರವಾಗಿ ಹೇಳಲು ಹಿಂಜರಿದಾಗ ಹಾಸ್ತೆ ಎನ್ನುವ ರೂಢಿ ಈಗ ಎಲ್ಲೆಡೆ ಹಬ್ಬಿದೆ. ವಲಸೆ ಬಂದ ಹೆಂಗಸಿಗೆ ಭಾಷಾ ತರಗತಿಯಲ್ಲಿ ಜಾಗ ಸಿಗದಿದ್ದರೆ ಅದು ತೊಂದರೆ. ತೊಂದರೆ ಎಂದೇ ಬರೆಯಿರಿ.

‘ಶಲ್ ಬಿ ಪ್ರಿಪೇರ್ಡ್ ಬೈ ದಿ ಸಿಟಿ’ ಎನ್ನುವಲ್ಲಿ ಕನ್ನಡದವರಾದ ನಿಮಗೆ ಒಂದು ಅನುಕೂಲವಿದೆ, ಅದನ್ನು ನೀವು ಬಳಸಿಕೊಂಡಿಲ್ಲ. ಇಂಗ್ಲಿಷಿನ ಕರ್ಮಣಿ ಪ್ರಯೋಗದಲ್ಲಿ ಮಾಡಿದವನನ್ನು ಬಾಲದಲ್ಲಿ ಕಟ್ಟಬಹುದು. ಫಿನ್ನಿಷ್‌ನ ‘ಪಸ್ಸೀವಿ’ ಹಾಗಲ್ಲ. ಅದು ನಮ್ಮ ‘ಅವರನ್ನು ಆರಿಸಲಾಯಿತು’ ಎಂಬ ಬಗೆಯದು. ಫಿನ್ನಿಷ್‌ನಲ್ಲಿ ಇದೇ ವಾಕ್ಯ ‘ಹ್ಯಾನೆತ್ ವಲಿತ್ತೀನ್’: ಅವರನ್ನು ಎಂಬುದು ದ್ವಿತೀಯೆಯಲ್ಲೇ ಉಳಿಯುತ್ತದೆ, ಆರಿಸಿದವರು ಯಾರೋ ಮನುಷ್ಯರು, ಹೆಸರು ಬೇಡ. ‘ಸಮಿತಿಯಿಂದ ಅವರನ್ನು ಆರಿಸಲಾಯಿತು’ ಎಂದು ನಮ್ಮಲ್ಲಿ ಬರೆದರೆ ಕಿವಿ ಒಪ್ಪುವುದಿಲ್ಲ. ‘ಸಮಿತಿ ಅವರನ್ನು ಆರಿಸಿತು’ ಎನ್ನುತ್ತೇವೆ. ಅಲ್ಲೂ ಹಾಗೇ. ‘ತೊಯ್ಮೆಸ್ತ’ ಎಂಬ ಪದ ಸೇರಿಸಿ ‘ನಗರದ ವತಿಯಿಂದ ಸಿದ್ಧಪಡಿಸಲಾಗುತ್ತದೆ’ ಎಂಬಂತೆ ಬರೆಯುವುದನ್ನು ಫಿನ್ನಿಷ್ ಭಾಷಾ ಸಲಹೆಗಾರರು ಬಹಳ ಕಾಲದಿಂದ ಬೇಡವೆನ್ನುತ್ತಾ ಬಂದಿದ್ದಾರೆ. ನಿಮ್ಮ ಕರಡಿನಲ್ಲಿ ಅದು ನಾಲ್ಕು ಕಡೆ ಇದೆ. ನಾಲ್ಕೂ ಕಡೆ ನಗರವನ್ನೇ ಕರ್ತೃ ಮಾಡಿ: ‘ಕೌಪುಂಕಿ ಲಾತೀ’, ನಗರ ರೂಪಿಸುತ್ತದೆ. ಸಹೋದ್ಯೋಗಿಗೆ ಪರಕೀಯವಾಗಿ ಕೇಳಿಸಿದ್ದರಲ್ಲಿ ಅರ್ಧಪಾಲು ಇದೊಂದರಿಂದಲೇ ಹೋಗುತ್ತದೆ.

‘ಶಲ್’ ಬಗ್ಗೆ ಇನ್ನೊಂದಿಷ್ಟು. ಫಿನ್ನಿಷ್‌ಗೆ ಭವಿಷ್ಯತ್ಕಾಲದ ಬೇರೆ ರೂಪವಿಲ್ಲ. ಕಾನೂನಿನ ಇಂಗ್ಲಿಷಿನಲ್ಲಿ ಶಲ್ ಬಂದಾಗ ಅದು ಕಟ್ಟುಪಾಡೋ ಅಥವಾ ಅಧಿಕಾರ ಯಾರದು ಎಂದು ಹೇಳುವ ಬರೀ ಹೇಳಿಕೆಯೋ ಎಂದು ಮೊದಲು ಗೊತ್ತಾಗಬೇಕು. ಹೇಳಿಕೆಯಾದರೆ ವರ್ತಮಾನಕಾಲ ಸಾಕು: ‘ಕೊಮಿಸ್ಸಿಯೊ ಅನ್ತಾ’, ಆಯೋಗ ಹೊರಡಿಸುತ್ತದೆ. ಕಟ್ಟುಪಾಡಾದರೆ ‘ಯ್ಯಾಸೆನ್‌ವಲ್ತಿಒಯ್ದೆನ್ ಒನ್ ವರ್ಮಿಸ್ತೆತ್ತವ’: ಸದಸ್ಯ ದೇಶಗಳು ಖಚಿತಪಡಿಸಿಕೊಳ್ಳತಕ್ಕದ್ದು. ಕರ್ನಾಟಕದ ಕಾನೂನುಗಳ ಕನ್ನಡ ಪಾಠಗಳಲ್ಲಿ ಸಾಲುಸಾಲಿಗೂ ಬರುವ ಆ ‘ತಕ್ಕದ್ದು’ ಮಾಡುವ ಕೆಲಸವನ್ನೇ ಈ ‘ತ್ತವ’ ಮಾಡುತ್ತದೆ. ನೀವು ಬರೆಯುತ್ತಿರುವುದು ಸಂಘದ ಅಭಿಪ್ರಾಯ, ನಗರಕ್ಕೆ ಆಜ್ಞೆ ಮಾಡುವ ಅಧಿಕಾರ ಸಂಘಕ್ಕಿಲ್ಲ. ಹಾಗಾಗಿ ಇಲ್ಲಿ ‘ತ್ತವ’ ರೂಪ ಗಡುಸಾಗುತ್ತದೆ. ‘ನಗರ ಇದನ್ನು ಮಾಡಲಿ ಎಂದು ಸಂಘ ಸೂಚಿಸುತ್ತದೆ’ ಎನ್ನುವ ಅರ್ಥದ ‘ಎಹ್ದೊತಮ್ಮೆ’, ಅಂದರೆ ‘ಸೂಚಿಸುತ್ತೇವೆ’, ಸಾಕು.

ನಾಮಪದವೂ ಕಾಲದ ಸುದ್ದಿ ಹೇಳುತ್ತದೆ ಎಂಬುದು ನಿಮಗೆ ಪರೀಕ್ಷೆಯ ಪಾಠದಿಂದ ಗೊತ್ತು. ಆಡಳಿತದ ಬರಹದಲ್ಲಿ ಅದರ ಬೆಲೆ ದೊಡ್ಡದು. ‘ಹಲ್ಲಿತುಸ್ ಊದಿಸ್ತಿ ಲಯ್ನ್’ ಎಂದರೆ ಸರ್ಕಾರ ಕಾನೂನನ್ನು ಸುಧಾರಿಸಿ ಮುಗಿಸಿತು. ‘ಹಲ್ಲಿತುಸ್ ಊದಿಸ್ತಿ ಲಕಿಅ’ ಎಂದರೆ ಸುಧಾರಿಸುತ್ತಿತ್ತು, ಅಥವಾ ಅಲ್ಲಲ್ಲಿ ತಿದ್ದಿತು. ಕ್ರಿಯಾಪದ ಅದೇ, ಬದಲಾದದ್ದು ಕರ್ಮಪದದ ವಿಭಕ್ತಿ. ಇಂಗ್ಲಿಷ್ ಪತ್ರಿಕಾ ಹೇಳಿಕೆಗಳಲ್ಲಿ ‘ರಿಫಾರ್ಮ್ಡ್’ ಎಂದು ಕಂಡಾಗ, ಕೆಲಸ ಮುಗಿದಿದೆಯೇ ಎಂದು ಬೇರೆ ಕಡೆ ಹೋಗಿ ವಿಚಾರಿಸದೆ ನಾನು ಫಿನ್ನಿಷ್‌ನಲ್ಲಿ ಒಂದಕ್ಷರ ಬರೆಯಲಾರೆ. ಈ ಗುಣಕ್ಕಾಗಿಯೇ ನನಗೆ ಈ ಭಾಷೆಯ ಮೇಲೆ ಅಷ್ಟು ಪ್ರೀತಿ.

ಇನ್ನು ನಿಮ್ಮ ಪತ್ರದ ಹೃದಯದಲ್ಲಿರುವ ಪದ, ಇಂಟಿಗ್ರೇಶನ್. ನೀವು ‘ಇನ್ತೆಗ್ರಾತಿಯೊ’ ಎಂದು ಬರೆದಿದ್ದೀರಿ. ಅರ್ಥವಾಗುತ್ತದೆ, ಆದರೆ ಈ ಕೆಲಸಕ್ಕೆ ಫಿನ್ಲೆಂಡ್ ತನ್ನದೇ ಪದ ಮಾಡಿಕೊಂಡಿದೆ. ‘ಕೊತಿ’ ಎಂದರೆ ಮನೆ. ಅದರಿಂದ ಹುಟ್ಟಿದ್ದು ‘ಕೊತೊಉತುಮಿನೆನ್’: ಹೊಸ ನೆಲ ಮನೆಯಾಗುತ್ತಾ ಬರುವುದು. ಅದಕ್ಕೆ ಪ್ರೇರಣಾರ್ಥಕ ರೂಪ ‘ಕೊತೊಉತ್ತಮಿನೆನ್’: ಬಂದವರನ್ನು ಮನೆಗೊಗ್ಗಿಸುವುದು. ನಮ್ಮ ನೆಲೆಗೊಳ್ಳುವುದು, ನೆಲೆಗೊಳಿಸುವುದು ಎಂಬ ಜೋಡಿಯನ್ನೇ ನೋಡಿ. ನೆಲೆಗೊಳ್ಳುವವನು ವಲಸೆ ಬಂದವನು, ನೆಲೆಗೊಳಿಸುವುದು ಸರ್ಕಾರ.

1999ರಲ್ಲಿ ಬಂದ ಮೊದಲ ಕಾನೂನಿನ ಹೆಸರಿನಲ್ಲಿ ಇದ್ದದ್ದು ಪ್ರೇರಣಾರ್ಥಕ: ವಲಸೆ ಬಂದವರನ್ನು ನೆಲೆಗೊಳಿಸುವ ಕಾನೂನು. 2010ರಲ್ಲಿ ಅಂಗೀಕಾರವಾಗಿ 2011ರಲ್ಲಿ ಅದರ ಜಾಗಕ್ಕೆ ಬಂದ ಕಾನೂನಿನ ಹೆಸರು ನೆಲೆಗೊಳ್ಳುವುದನ್ನು ಉತ್ತೇಜಿಸುವ ಕಾನೂನು ಎಂದಾಯಿತು. 2025ರ ಜನವರಿ 1ರಿಂದ ಜಾರಿಯಲ್ಲಿರುವ ಈಗಿನ ಕಾನೂನೂ ಅದೇ ಹೆಸರನ್ನು ಉಳಿಸಿಕೊಂಡಿದೆ. ಒಂದು ‘ತ’ಕಾರ ಒತ್ತಕ್ಷರವಾಗಿದ್ದು ಹೋಗಿ ಒಂಟಿಯಾಯಿತು, ಅಷ್ಟೇ. ಆದರೆ ಆ ಅಕ್ಷರದಲ್ಲಿ ವಾಕ್ಯದ ಕರ್ತೃ ಬದಲಾದ. ಹಿಂದೆ ಸರ್ಕಾರ ಮಾಡುವ ಕೆಲಸಕ್ಕೆ ವಸ್ತುವಾಗಿದ್ದ ಮನುಷ್ಯ ಈಗ ತಾನೇ ನೆಲೆಗೊಳ್ಳುವವನು, ಸರ್ಕಾರ ಒತ್ತಾಸೆಯಾಗಿ ನಿಲ್ಲುವಂಥದ್ದು. ಇಂಗ್ಲಿಷಿನ ಇಂಟಿಗ್ರೇಶನ್ ಈ ಎರಡರಲ್ಲಿ ಯಾವುದೆಂದು ಎಂದೂ ಹೇಳುವುದಿಲ್ಲ. ನೀವು ವಲಸೆ ಬಂದವರ ಪರವಾಗಿ ಬರೆಯುತ್ತಿದ್ದೀರಿ. ನಿಮ್ಮ ಪತ್ರದಲ್ಲಿ ಎರಡನ್ನೂ ಬೇರೆಬೇರೆ ಬಳಸಿ: ನಾವು ಮಾಡುವುದು ಕೊತೊಉತುಮಿನೆನ್, ನಗರದ ಸೇವೆಗಳ ಮಾತು ಬಂದಾಗ ಕೊತೊಉತ್ತಮಿನೆನ್. ನಗರದ ಅಧಿಕಾರಿ ಆ ವ್ಯತ್ಯಾಸವನ್ನು ಖಂಡಿತ ಗಮನಿಸುತ್ತಾರೆ.

ಎಂಪವರ್‌ಮೆಂಟ್ ಎಂಬುದಕ್ಕೂ ಇದೇ ಕಥೆ. ‘ವೊಯ್‌ಮಾನ್ತುಮಿನೆನ್’ ಎಂದರೆ ತಾನಾಗಿ ಬಲ ಪಡೆಯುವುದು, ‘ವೊಯ್‌ಮಾನ್ನುತ್ತಮಿನೆನ್’ ಎಂದರೆ ಇನ್ನೊಬ್ಬರು ಬಲ ತುಂಬುವುದು. ನಮ್ಮ ‘ಸಬಲೀಕರಣ’ ಎರಡನೆಯದನ್ನೇ ಹೇಳುತ್ತದೆಂದು ನನಗೆ ಯಾವಾಗಲೂ ಅನ್ನಿಸಿದೆ. ಎರಡನೇ ಪುಟದಲ್ಲಿ ಮಹಿಳೆಯರ ಬಗ್ಗೆ ಬರೆದಿರುವ ಸಾಲಿನಲ್ಲಿ ಯಾವುದನ್ನು ಇಡಬೇಕೆಂದು ಸಂಘದ ಮಹಿಳೆಯರನ್ನೇ ಕೇಳಿ.

ಈಗ ಆ ಮೂರು ಭಾರದ ಪದಗಳು. ಗುಡ್ ಗವರ್ನೆನ್ಸ್‌ಗೆ ನೀವಿಟ್ಟ ‘ಹ್ಯುವ್ಯಾ ಹಲ್ಲಿನ್ತೊ’ ಸರಿಯಾದ ಫಿನ್ನಿಷ್. ಆದರೆ ಅದು ಇಲ್ಲಿ ಘೋಷಣೆಯ ಪದವಲ್ಲ, ಕಾನೂನಿನ ಪದ. ಫಿನ್ಲೆಂಡ್ ಸಂವಿಧಾನದ 21ನೇ ಕಲಂ ಉತ್ತಮ ಆಡಳಿತದ ಖಾತರಿಗಳನ್ನು ಹೇಳುತ್ತದೆ: ನಿಮ್ಮ ಪ್ರಕರಣವನ್ನು ವಿನಾಕಾರಣ ತಡಮಾಡದೆ ನೋಡಬೇಕು, ನಿಮ್ಮ ಮಾತು ಕೇಳಬೇಕು, ತೀರ್ಮಾನಕ್ಕೆ ಕಾರಣ ಕೊಡಬೇಕು, ಮೇಲ್ಮನವಿಗೆ ಅವಕಾಶವಿರಬೇಕು. ‘ಹ್ಯುವ್ಯಾ ಹಲ್ಲಿನ್ತೊ’ ಎಂದು ಓದಿದ ಅಧಿಕಾರಿಯ ಮನಸ್ಸಿಗೆ ಬರುವುದು ಇವು. ಸಂಘದ ಸದಸ್ಯರಿಗೆ ತೀರ್ಮಾನದ ಕಾರಣ ತಿಳಿಯುತ್ತಿಲ್ಲ ಎಂಬ ಅನುಭವವಿದ್ದರೆ ಅದನ್ನೇ ಹೇಳಿ, ಆಗ ಪದಕ್ಕೆ ತೂಕ ಬರುತ್ತದೆ. ಹಾಗೇನೂ ಇಲ್ಲದಿದ್ದರೆ ಪದವನ್ನು ಬಿಡಿ.

ಟ್ರಾನ್ಸ್‌ಪರೆನ್ಸಿಗೆ ನೀವು ಬರೆದದ್ದು ‘ಲ್ಯಾಪಿನ್ಯಾಕ್ಯುವ್ಯೂಸ್’, ಆರಪಾರ ಕಾಣುವಿಕೆ. ನಮ್ಮ ‘ಪಾರದರ್ಶಕತೆ’ಯೂ ಹೀಗೇ ಕಟ್ಟಿದ ಪದ, ಈಗ ನಮ್ಮದೇ ಆಗಿದೆ. ಫಿನ್ನಿಷ್‌ನಲ್ಲಿ ಅದಕ್ಕಿಂತ ಬಳಕೆಯ ಪದ ‘ಅವೊಯ್‌ಮೂಸ್’, ತೆರೆದಿರುವಿಕೆ. 2024ರಲ್ಲಿ ಜಾರಿಗೆ ಬಂದ ಲಾಬಿ ನೋಂದಣಿ ಪುಸ್ತಕಕ್ಕೂ ‘ಅವೊಯ್‌ಮೂಸ್‌ರೆಕಿಸ್ತೆರಿ’ ಎಂದೇ ಹೆಸರು. ಕಡತ ನೋಡುವ ಹಕ್ಕಿನ ಮಾತಾದರೆ ಪದ ಬೇರೆ, ‘ಯುಲ್ಕಿಸೂಸ್’. ಅದರ ಬೇರು 1766ರವರೆಗೆ ಹೋಗುತ್ತದೆ. ಆಗ ಫಿನ್ಲೆಂಡ್ ಸ್ವೀಡನ್ನಿನ ಭಾಗ. ಸರ್ಕಾರಿ ದಾಖಲೆಗಳನ್ನು ಜನರ ಕಣ್ಣಿಗೆ ತೆರೆದಿಟ್ಟ ಆ ವರ್ಷದ ಕಾನೂನಿನ ಹಿಂದೆ ದುಡಿದವರು ಆಂಡರ್ಸ್ ಚುಡೇನಿಯುಸ್ ಎಂಬ ಫಿನ್ಲೆಂಡ್‌ನ ಪಾದ್ರಿ. ನಮ್ಮ ಮಾಹಿತಿ ಹಕ್ಕು ಕಾಯ್ದೆ 2005ರದು.

ಅಕೌಂಟಬಿಲಿಟಿ ಎಲ್ಲಕ್ಕಿಂತ ಜಾರುವ ಪದ. ರೆಸ್ಪಾನ್ಸಿಬಿಲಿಟಿ, ಲಯಬಿಲಿಟಿ, ಅಕೌಂಟಬಿಲಿಟಿ ಮೂರಕ್ಕೂ ಫಿನ್ನಿಷ್‌ನ ‘ವಸ್ತೂ’ ಒಂದೇ ಕೊಡೆಯಂತೆ ನಿಲ್ಲುತ್ತದೆ. ನೀವು ನಿಘಂಟು ಹುಡುಕಿ ‘ತಿಲಿವೆಲ್ವೊಲ್ಲಿಸೂಸ್’ ಇಟ್ಟಿರಿ. ‘ತಿಲಿ’ ಎಂದರೆ ಲೆಕ್ಕ. ಪುರಸಭೆಗಳ ಕಾನೂನಿನಲ್ಲಿ ಅದು ಲೆಕ್ಕಪರಿಶೋಧನೆಗೆ ಉತ್ತರ ಕೊಡಬೇಕಾದ ಅಧಿಕಾರಿಗಳ ಹೊಣೆಗೆ ಇಟ್ಟ ಹೆಸರು. ನಗರದವರು ಅದನ್ನು ಓದಿದರೆ ಹಣದ ವ್ಯವಹಾರದಲ್ಲಿ ನಿಮಗೆ ಅನುಮಾನವಿದೆ ಎಂದುಕೊಂಡಾರು. ಸಂಘಕ್ಕೆ ಬೇಕಾಗಿರುವುದು, ಹೇಳಿದ ಕೆಲಸ ಎಷ್ಟಾಯಿತೆಂದು ನಗರ ವರ್ಷಕ್ಕೊಮ್ಮೆ ತಿಳಿಸಲಿ ಎನ್ನುವುದು. ಅದನ್ನೇ ಬರೆಯಿರಿ.

ಸ್ಟೇಕ್‌ಹೋಲ್ಡರ್‌ಗೆ ‘ಸಿದೊಸ್‌ರ್ಯುಹ್ಮ್ಯಾ’ ಇದೆ, ನಂಟಿರುವ ಗುಂಪು. ಒಳ್ಳೆಯ ಪದವೇ. ಆದರೆ ನಿಮ್ಮ ಪತ್ರದಲ್ಲಿ ಆ ಗುಂಪುಗಳು ಮೂರೇ: ನಗರ, ಸಂಘಗಳು, ಕೆಲಸ ಕೊಡುವವರು. ಮೂರನ್ನೂ ಹೆಸರಿಸಿದರೆ ಆಯಿತು. ರೋಡ್‌ಮ್ಯಾಪ್‌ಗೆ ‘ತಿಎಕರ್ತ್ತ’ ಎಂದು ಈಗ ಎಲ್ಲರೂ ಬರೆಯುತ್ತಾರೆ. ರಸ್ತೆಯ ನಕ್ಷೆ ಎಂದೇ ಅದರ ಅರ್ಥ. ಬರೀ ‘ಸೂನ್ನಿತೆಲ್ಮ’, ಯೋಜನೆ, ನನಗೆ ಹೆಚ್ಚು ಇಷ್ಟ.

ಪದವನ್ನು ಹೊರಗಿನಿಂದ ತರದೆ ಒಳಗಿನಿಂದ ಬೆಳೆಸುವ ಈ ಹಟ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. 1809ರವರೆಗೆ ಫಿನ್ಲೆಂಡನ್ನು ಆಳಿದ್ದು ಸ್ವೀಡನ್, ಆಮೇಲೆ 1917ರವರೆಗೆ ರಷ್ಯಾದ ಚಕ್ರವರ್ತಿ. ಆದರೆ ರಷ್ಯಾದ ಕಾಲದಲ್ಲೂ ಬಹುಕಾಲ ಕಚೇರಿಯ ಭಾಷೆ ಸ್ವೀಡಿಷ್ಷೇ. 1734ರ ಸ್ವೀಡಿಷ್ ಕಾನೂನು ಸಂಹಿತೆ ಫಿನ್ನಿಷ್‌ನಲ್ಲಿ ಅಚ್ಚಾಗಿದ್ದು 1759ರಲ್ಲಿ. ಫಿನ್ನಿಷ್ ಮಾತಾಡುವ ರೈತ ಕಚೇರಿಯಲ್ಲಿ ತನ್ನ ಭಾಷೆಯಲ್ಲಿ ವ್ಯವಹರಿಸುವ ದಾರಿ ತೆರೆದದ್ದು 1863ರ ಭಾಷಾ ಆಜ್ಞೆ. ಅದು ಪೂರ್ತಿ ಜಾರಿಯಾಗಲು ಇಪ್ಪತ್ತು ವರ್ಷದ ಗಡುವಿತ್ತು. ಅಷ್ಟರಲ್ಲಿ ಇಡೀ ಆಡಳಿತಕ್ಕೆ ಪದಗಳು ಬೇಕಿದ್ದವು. ಹಳೆಯ ಎರವಲುಗಳು ಉಳಿದವು: ಕಾನೂನಿಗೆ ‘ಲಕಿ’, ಪ್ರಾಂತಕ್ಕೆ ‘ಲ್ಯಾನಿ’, ಮೊದಲು ಹೇಳಿದ ‘ಪೊರ್ಮೆಸ್ತರಿ’ ಎಲ್ಲವೂ ಸ್ವೀಡಿಷ್ ಕಡೆಯಿಂದ ಬಂದವು, ನಮ್ಮ ಅರ್ಜಿ, ವಕೀಲ, ತಹಶೀಲ್ದಾರ್ ಬೇರೆ ಆಡಳಿತಗಳಿಂದ ಬಂದು ಉಳಿದ ಹಾಗೆ. ಉಳಿದದ್ದನ್ನು ಫಿನ್ನಿಷ್ ಬೇರುಗಳಿಂದ ಕಟ್ಟಿದರು. ‘ವಲ್ತ’, ಅಧಿಕಾರ, ಎಂಬ ಒಂದೇ ಬೇರನ್ನು ನೋಡಿ: ‘ವಲ್ತಿಯೊ’ ದೇಶ, ‘ತಸವಲ್ತ’ ಸಮ ಅಧಿಕಾರ ಅಂದರೆ ಗಣರಾಜ್ಯ, ‘ಕನ್ಸನ್‌ವಲ್ತ’ ಜನರ ಅಧಿಕಾರ, ‘ವಲ್ತೂಸ್ತೊ’ ಪುರಸಭೆಯ ಕೌನ್ಸಿಲ್, ‘ತೊಯ್ಮಿವಲ್ತ’ ಇಂಥ ಕೆಲಸ ಮಾಡಬಹುದಾದ ಅಧಿಕಾರವ್ಯಾಪ್ತಿ, ‘ವಲ್ಲನ್‌ಕುಮೊಉಸ್’ ಅಧಿಕಾರ ಉರುಳುವುದು, ಕ್ರಾಂತಿ. ಎಂಟನೇ ತರಗತಿಯ ಹುಡುಗಿಗೂ ಸಂವಿಧಾನದ ಮೊದಲ ಸಾಲು ಬಿಡಿಸಿಕೊಂಡು ಓದಲು ಬರುತ್ತದೆ, ಏಕೆಂದರೆ ಅದರ ಪದಗಳು ಮನೆಮಾತಿನ ತುಂಡುಗಳಿಂದ ಆದವು. ಸ್ವೀಡಿಷ್‌ನಿಂದ ಹೊರಟ ಒಂಬುಡ್ಸ್‌ಮನ್ ಎಂಬ ಪದವನ್ನು ಇಂಗ್ಲಿಷ್ ಹಾಗೇ ತೆಗೆದುಕೊಂಡಿತು. ಪಕ್ಕದಲ್ಲೇ ಇದ್ದ ಫಿನ್ನಿಷ್ ‘ಒಯ್ಕೆಉಸ್‌ಅಸಿಅಮಿಎಸ್’ ಎಂದು ತನ್ನದನ್ನು ಮಾಡಿಕೊಂಡು 1920ರಲ್ಲಿ ಆ ಹುದ್ದೆ ತುಂಬಿತು. ನಾವು ಲೋಕಾಯುಕ್ತ ಎಂದೆವು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಪದ ‘ಬುದ್ಯೆತ್ತಿರೀಹಿ’. ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಸಚಿವರು ಸೇರಿ ಮುಂದಿನ ವರ್ಷದ ಬಜೆಟ್ ಹದಕ್ಕೆ ತರುವ ಸಭೆ ಅದು. ‘ರೀಹಿ’ ಎಂದರೆ ಕೊಯ್ದ ತೆನೆಯ ಕಟ್ಟುಗಳನ್ನು ಬಿಸಿಯಲ್ಲಿ ಒಣಗಿಸಿ ಒಕ್ಕುವ ಮರದ ಕೊಟ್ಟಿಗೆ. ಹೊಗೆ, ಧೂಳು, ಬೆವರಿನ ಜಾಗ. ಇಂಗ್ಲಿಷಿನಲ್ಲಿ ಬಜೆಟ್ ಸೆಷನ್ ಎಂದು ಒಣದಾಗಿ ಇರುವುದನ್ನು ಇಲ್ಲಿ ಒಕ್ಕಣೆಯ ಮನೆಗೆ ಕರೆದೊಯ್ದಿದ್ದಾರೆ. ‘ಚುನಾವಣಾ ಕಣ’ ಎನ್ನುವ ನಮಗೆ ಇದು ತಟ್ಟನೆ ತಟ್ಟುತ್ತದೆ. ರಾಗಿ ತೆನೆ ತುಳಿಸುವ ಜಾಗಕ್ಕೂ ನಮ್ಮಲ್ಲಿ ಕಣವೇ ತಾನೆ ಹೆಸರು. ಇಂಗ್ಲಿಷ್ ಪುಟದಲ್ಲಿ ಗವರ್ನಮೆಂಟ್ ಬಜೆಟ್ ಸೆಷನ್ ಎಂದು ಕಂಡರೆ ಕಣ್ಣುಮುಚ್ಚಿ ಬುದ್ಯೆತ್ತಿರೀಹಿ ಎಂದು ಬರೆಯಿರಿ.

ಎಲ್ಲವೂ ಇಷ್ಟು ಸೊಗಸಾಗಿದೆ ಎಂದು ಮಾತ್ರ ತಿಳಿಯಬೇಡಿ. ಕಚೇರಿಯ ಮೊಂಡು ಭಾಷೆ ಇಲ್ಲೂ ಇದೆ, ಅದಕ್ಕೆ ಜನ ಇಟ್ಟ ಹೆಸರು ‘ಕಪುಲಕಿಎಲಿ’, ಕಟ್ಟಿಗೆ ತುಂಡಿನ ಭಾಷೆ. ಅದರ ದೊಡ್ಡ ಲಕ್ಷಣಕ್ಕೂ ಒಂದು ಹೆಸರಿದೆ, ‘ಸುಬ್‌ಸ್ತನ್ತೀವಿತೌತಿ’, ನಾಮಪದದ ಕಾಯಿಲೆ. ‘ತರ್ಕಸ್ತಾ’, ಪರಿಶೀಲಿಸು, ಎಂದರೆ ಮುಗಿಯುವಲ್ಲಿ ‘ಸುಒರಿತ್ತಾ ತರ್ಕಸ್ತುಸ್’, ಪರಿಶೀಲನೆಯನ್ನು ಕೈಗೊಳ್ಳು, ಎಂದು ಬರೆಯುವುದು. ನಮ್ಮ ಸುತ್ತೋಲೆಗಳಲ್ಲಿ ಇದನ್ನು ದಿನಾ ಓದುತ್ತೇವೆ. 2004ರಿಂದ ಜಾರಿಯಲ್ಲಿರುವ ಆಡಳಿತ ಕಾನೂನಿನ 9ನೇ ಕಲಂ, ಕಚೇರಿಗಳು ಯೋಗ್ಯವಾದ, ಸ್ಪಷ್ಟವಾದ, ಅರ್ಥವಾಗುವ ಭಾಷೆಯನ್ನೇ ಬಳಸಬೇಕೆಂದು ವಿಧಿಸಿದೆ. ಭಾಷೆ ಸ್ಪಷ್ಟವಾಗಿರಬೇಕೆಂದು ಕಾನೂನಿನಲ್ಲೇ ಬರೆದ ದೇಶದ ಅಧಿಕಾರಿಗೆ ನೀವು ಬರೆಯುತ್ತಿದ್ದೀರಿ ಎಂಬುದನ್ನು ನೆನಪಿಡಿ. ಅವರ ಎದುರು ಭಾರದ ಪದಗಳನ್ನು ಹೇರಿದರೆ ಗೌರವ ಹೆಚ್ಚುವುದಿಲ್ಲ.

ಇನ್ನು ಪದ ಹುಡುಕುವ ವಿಧಾನದ ಬಗ್ಗೆ ಒಂದು ಮಾತು. ನಿಘಂಟನ್ನು ಕೊನೆಗಿಡಿ. ಮೊದಲು ಎಸ್ಪೂ ನಗರವೇ ಫಿನ್ನಿಷ್‌ನಲ್ಲಿ ಪ್ರಕಟಿಸಿದ ಯೋಜನೆಯನ್ನೂ ಕೌನ್ಸಿಲ್ ಸಭೆಗಳ ನಡಾವಳಿಯನ್ನೂ ಓದಿ, ಅವರೇ ಬಳಸುವ ಪದಗಳನ್ನು ಗುರುತು ಹಾಕಿಕೊಳ್ಳಿ. ನಗರ ನಿಮ್ಮ ಅಭಿಪ್ರಾಯ ಕೇಳಿರುವ ಈ ಪ್ರಕ್ರಿಯೆಗೂ ‘ಲೌಸುನ್ತೊಕಿಎರ್ರೊಸ್’ ಎಂಬ ಹೆಸರಿದೆ, ಅಭಿಪ್ರಾಯಗಳ ಸುತ್ತು. ನೀವು ಕಳಿಸುವುದು ‘ಲೌಸುನ್ತೊ’, ಪತ್ರದ ನೆತ್ತಿಯ ಮೇಲೆ ಅದೇ ಪದವಿರಲಿ. ಕಾನೂನಿನ ಪದಗಳಿಗೆ ಫಿನ್‌ಲೆಕ್ಸ್ ಜಾಲತಾಣ ನೋಡಿ. ಯೂರ್-ಲೆಕ್ಸ್‌ನಲ್ಲಿ ಒಕ್ಕೂಟದ ಕಾನೂನುಗಳನ್ನು ಇಂಗ್ಲಿಷ್ ಮತ್ತು ಫಿನ್ನಿಷ್ ಅಕ್ಕಪಕ್ಕ ಇಟ್ಟು ಓದಬಹುದು. ಆದರೆ ಅಲ್ಲಿನ ಫಿನ್ನಿಷ್ ಕೂಡ ಬಹುಪಾಲು ಅನುವಾದ, ಅವಸರದಲ್ಲಿ ಆದದ್ದೂ ಇದೆ. ಪದ ತೆಗೆದುಕೊಳ್ಳಿ, ವಾಕ್ಯದ ಕಟ್ಟನ್ನು ತೆಗೆದುಕೊಳ್ಳಬೇಡಿ.

ನಿಮ್ಮ ಮುಖ್ಯ ವಾಕ್ಯವನ್ನು ನಾನಾಗಿದ್ದರೆ ಮೂರಾಗಿ ಒಡೆಯುತ್ತಿದ್ದೆ. ಕನ್ನಡದಲ್ಲಿ ಬರೆಯುತ್ತೇನೆ, ಫಿನ್ನಿಷ್‌ಗೆ ನೀವೇ ಇಳಿಸಿ, ಈಗ ನಿಮಗೆ ಕಷ್ಟವಾಗಲಾರದು: ‘ಎಸ್ಪೂವಿಗೆ ಬಂದವರು ಇಲ್ಲಿ ನೆಲೆಗೊಳ್ಳಲು ಏನು ಬೇಕೆಂಬ ಯೋಜನೆಯನ್ನು ನಗರವು ಸಂಘಗಳ ಮತ್ತು ಉದ್ಯೋಗದಾತರ ಜೊತೆ ಸೇರಿ ರೂಪಿಸಲಿ ಎಂದು ಸೂಚಿಸುತ್ತೇವೆ. ಸೇವೆ ಸಿಗದವರಿಗೆ ಅದರ ಕಾರಣವನ್ನು ನಗರ ತಿಳಿಸಲಿ. ಏನೇನು ಮಾಡಲಾಗಿದೆ ಎಂಬುದನ್ನು ಪ್ರತಿ ವರ್ಷ ಹೇಳಲಿ.’ ಮೂರನೆಯ ವಾಕ್ಯ ಹೇಳಿಕೆಯ ರೂಪದಲ್ಲಿ ನನ್ನ ಕಿವಿಯಲ್ಲಿ ಹೀಗೆ ಕೇಳಿಸುತ್ತಿದೆ: ‘ಕೌಪುಂಕಿ ಕೆರ್ತೋ ವುಒಸಿತ್ತಯ್ನ್, ಮಿತ್ಯಾ ಒನ್ ತೆಹ್ತ್ಯು.’ ಸಂಘದವರು ಮೂಲದಲ್ಲಿ ಇಷ್ಟೇ ಹೇಳಬಯಸಿದ್ದರೇ ಎಂದು ಅವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಪತ್ರದ ಮೇಲೆ ಕೌಪುಂಗಿನ್‌ಯೊಹ್ತಯ ಎಂದು ಬರೆಯಲು ಮರೆಯಬೇಡಿ. ತಿದ್ದಿದ ಕರಡನ್ನು ಕಳಿಸಿದರೆ ಇನ್ನೊಮ್ಮೆ ಓದುತ್ತೇನೆ.